ಪಿಕ್‌ನಿಕ್ ಕಟ್ಟೆಗೆ ಯಜಮಾನ ಯಾರು?

ಮಳೆ ಹಿಡಿಯಿತು ಅಂದರೆ ಪುಣೆ, ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲೂ ಒಂದೇ ಮಾತು: "ಭಾನುವಾರ ಲೋನಾವಳಕ್ಕೆ ಹೋಗೋಣವಾ?" ಲೋನಾವಳ ಅಂದರೆ ಭೂಶಿ ಡ್ಯಾಮ್. ಕಟ್ಟೆ ತುಂಬಿ, ಮೆಟ್ಟಿಲುಗಳ ಮೇಲೆ ನೀರು ಹರಿಯುತ್ತಿರುತ್ತದೆ. ಅದರಲ್ಲಿ ಕೂತು ನೆನೆಯುವುದು, ಆಮೇಲೆ ಬಿಸಿಬಿಸಿ ಕಾಂದಾ ಭಜಿ ತಿನ್ನುವುದು. ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾದ ನನಗೂ ಇದೇನು ಹೊಸದಲ್ಲ.

ಆದರೆ ನಾವು ಕೂರುವ ಆ ಕಲ್ಲು ಯಾರದು, ಯಾಕೆ ಕಟ್ಟಿದರು ಅಂತ ಎಷ್ಟು ಜನ ಕೇಳಿದ್ದೇವೆ? ಬ್ರಿಟಿಷರ ಕಾಲದಲ್ಲಿ ರೈಲ್ವೆಯವರು ಇಂದ್ರಾಯಣಿ ನದಿಗೆ ಅಡ್ಡವಾಗಿ ಕಟ್ಟಿಸಿದ್ದು ಅದು. ಘಾಟಿ ಹತ್ತುವ ಉಗಿ ಇಂಜಿನ್‌ಗಳಿಗೆ ನೀರು ಬೇಕಿತ್ತು. ಉಗಿ ಇಂಜಿನ್ ಹೋಗಿ ದಶಕಗಳಾದವು. ಕಟ್ಟೆ ಉಳಿಯಿತು, ಅದರ ಮೇಲೆ ಜನಜಾತ್ರೆ ಬಂತು.

ನನ್ನ ಚಿಂತೆ ಇರುವುದು ಇಲ್ಲೇ. ಭೂಶಿಯೊಂದರದ್ದೇ ಅಲ್ಲ, ದೇಶದ ತುಂಬ ಇಂಥ ಸಣ್ಣ ಕಟ್ಟೆಗಳಿವೆ. ಯಾವ ಕೆಲಸಕ್ಕೆ ಕಟ್ಟಿದರೋ ಆ ಕೆಲಸ ಮುಗಿದ ಮೇಲೆ ಕಟ್ಟಿಸಿದವರ ಮಮತೆಯೂ ಮುಗಿಯುತ್ತದೆ, ದುಡ್ಡೂ ನಿಲ್ಲುತ್ತದೆ. ನೀರಿನ ಭಾರ ಮಾತ್ರ ಹಾಗೇ ಇರುತ್ತದೆ. ಅದು ರಜೆ ತೆಗೆದುಕೊಳ್ಳುವುದಿಲ್ಲವಲ್ಲ!

2024ರ ಜೂನ್ 30ರಂದು ಭೂಶಿಯ ಹಿಂಬದಿಯ ಜಲಪಾತದಲ್ಲಿ ಪುಣೆಯ ಒಂದೇ ಕುಟುಂಬದ ಐದು ಮಂದಿ, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು, ಕೊಚ್ಚಿಹೋದರು. ಆ ವಿಡಿಯೋ ನೀವೂ ನೋಡಿರುತ್ತೀರಿ. ಆಮೇಲೆ ನಿಷೇಧಾಜ್ಞೆ, ಪೊಲೀಸ್ ಕಾವಲು. 2025ರ ಜೂನ್ 15ರಂದು ಅದೇ ಇಂದ್ರಾಯಣಿಯ ಮೇಲೆ, ಕುಂಡಮಳದಲ್ಲಿ, ಪಿಕ್‌ನಿಕ್ ಜನರ ಭಾರಕ್ಕೆ ಹಳೆಯ ಕಬ್ಬಿಣದ ಸೇತುವೆ ಕುಸಿದು ನಾಲ್ವರು ಸತ್ತರು.

ಕಾವಲು ಬೇಕು, ಒಪ್ಪುತ್ತೇನೆ. ಆದರೆ ಲಾಠಿ ಹಿಡಿದವರು ನೀರಿಗಿಳಿಯುವವನನ್ನು ತಡೆಯಬಹುದು, ಕಟ್ಟೆಯೊಳಗಿನ ಬಿರುಕನ್ನು ತಡೆಯಲಾರರು. ನೀರಿಗಿಳಿದವನಿಗೆ ಅಪಾಯ ಒಂದು. ಕಟ್ಟೆ ಒಡೆದರೆ ಕೆಳಗಿನ ಊರಲ್ಲಿ ಮಲಗಿರುವವನಿಗೆ ಅಪಾಯ ಇನ್ನೊಂದು. ಆತ ಪಿಕ್‌ನಿಕ್‌ಗೂ ಬಂದಿರುವುದಿಲ್ಲ, ಪಾಪ. ನಾವು ಮಾತಾಡುವುದೆಲ್ಲ ಮೊದಲನೆಯದರ ಬಗ್ಗೆಯೇ.

"ಸಣ್ಣ ಕಟ್ಟೆ ಸ್ವಾಮಿ, ಒಡೆದರೆ ಎಷ್ಟು ನೀರು ಬಂದೀತು?" ಅನ್ನುವವರು ತಿವರೆಯನ್ನು ನೆನೆಯಬೇಕು. ರತ್ನಾಗಿರಿ ಜಿಲ್ಲೆಯ ಚಿಪಳೂಣ ತಾಲ್ಲೂಕಿನ ಸಣ್ಣ ಮಣ್ಣಿನ ಅಣೆಕಟ್ಟು ಅದು. ಸೋರುತ್ತಿದೆ ಅಂತ ಊರವರು ಮೊದಲೇ ದೂರಿದ್ದರು. 2019ರ ಜುಲೈ 2ರ ರಾತ್ರಿ ಒಡೆದು ಸುಮಾರು ಇಪ್ಪತ್ತು ಜನರ ಪ್ರಾಣ ತೆಗೆಯಿತು. ಏಡಿಗಳು ಕೊರೆದದ್ದರಿಂದ ಸೋರಿತು ಎಂದರು ಅಂದಿನ ಮಂತ್ರಿಯೊಬ್ಬರು. ಏಡಿಯ ಮೇಲೆ ಎಫ್‌ಐಆರ್ ಹಾಕಲಾದೀತೇ?

ಪುಣೆಯವರಿಗಂತೂ ಯಾರೂ ಹೇಳಿಕೊಡಬೇಕಿಲ್ಲ. 1961ರ ಜುಲೈ 12ರಂದು ಹೊಸದಾಗಿ ಕಟ್ಟಿದ್ದ ಪಾನಶೇತ್ ಒಡೆಯಿತು, ಆ ನೀರು ನುಗ್ಗಿ ಕೆಳಗಿನ ಖಡಕವಾಸಲಾ ಕಟ್ಟೆಯೂ ಒಡೆಯಿತು. ಹಳೇ ಪೇಟೆಯ ಹಿರಿಯರು ಇವತ್ತಿಗೂ ಆ ಕಥೆ ಹೇಳುತ್ತಾರೆ. ಮೇಲಿನ ಕಟ್ಟೆಯ ತಪ್ಪಿಗೆ ಕೆಳಗಿನ ಕಟ್ಟೆ ಬೆಲೆ ತೆತ್ತಿತು.

ಕಾನೂನು ಇಲ್ಲವೇ ಅಂತೀರಾ? ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತಪಾಸಣೆ ಆಗಬೇಕು, ಜವಾಬ್ದಾರಿ ಕಟ್ಟೆಯ ಒಡೆಯನದು. ಆದರೆ ಇದು 15 ಮೀಟರಿಗಿಂತ ಎತ್ತರದವಕ್ಕೆ. 10ರಿಂದ 15 ಮೀಟರಿನವು ಕೆಲವು ಷರತ್ತುಗಳಿಗೆ ಒಳಪಟ್ಟರೆ ಮಾತ್ರ. ಅದಕ್ಕಿಂತ ಗಿಡ್ಡದವು ಕಾಯ್ದೆಯ ಹೊರಗೆ. ಪಿಕ್‌ನಿಕ್ ಕಟ್ಟೆಗಳು ಎಷ್ಟೋ ಈ ಗಿಡ್ಡ ಜಾತಿಯವೇ.

ನಮ್ಮ ಬ್ಯಾಂಕಿನಲ್ಲಿ ಐದು ಲಕ್ಷದ ಕ್ಯಾಶ್ ಕ್ರೆಡಿಟ್ ಕೊಟ್ಟರೂ ಗೋಡೌನಿಗೆ ಹೋಗಿ ಸ್ಟಾಕ್ ಎಣಿಸಿ, ತಾರೀಖು ಹಾಕಿ ಸಹಿ ಮಾಡಬೇಕು. ಸಾಲ ಸಣ್ಣದು ಅಂತ ಬಿಟ್ಟರೆ ಆಡಿಟರ್ ಬಿಡುವುದಿಲ್ಲ. ಜನರ ಜೀವ ನಿಂತಿರುವ ಕಟ್ಟೆಗೆ ಅಷ್ಟಾದರೂ ಲೆಕ್ಕ ಬೇಡವೇ?

ನಾನು ತುಮಕೂರು ಕಡೆಯವನು. ನಮ್ಮ ಕೆರೆಗಳಿಗೆ ನೀರುಗಂಟಿ ಅಂತ ಒಬ್ಬನಿರುತ್ತಿದ್ದ. ಏರಿಯ ಮೇಲೆ ಗಿಡ ಬೇರು ಬಿಡದಂತೆ, ತೂಬು ಕೆಡದಂತೆ, ಕೋಡಿಗೆ ಕಸ ಕಟ್ಟದಂತೆ ನೋಡುವ ಕೆಲಸ ಅವನದು. ಏರಿಯ ಬುಡದಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಕಣ್ಣಿಟ್ಟಿರು, ಕೆಂಪಾಗಿ ಮಣ್ಣು ಹೊತ್ತು ಬಂದರೆ ಊರಿಗೆ ಕೂಗು ಹಾಕು. ಇಂದಿನ ಇಂಜಿನಿಯರುಗಳು ಹೇಳುವುದೂ ಇದನ್ನೇ. ಮಣ್ಣಿನ ಕಟ್ಟೆಯ ತಲೆ ಮೇಲೆ ನೀರು ಹರಿದರೆ ಅದು ಕೊರೆದುಹೋಗುತ್ತದೆ, ಕಲ್ಲಿನ ಕಟ್ಟೆ ತಡೆದೀತು. ಆದರೆ ಗಾರೆ ತೊಳೆದುಹೋದರೆ ಕಲ್ಲೂ ಅಲ್ಲಾಡುತ್ತದೆ.

ನಾನು ಕೇಳುವುದು ಬಹಳವಲ್ಲ. ಜನ ಸೇರುವ ಪ್ರತಿ ಸಣ್ಣ ಕಟ್ಟೆಯ ಬಳಿ ಒಂದು ಫಲಕ ಇರಲಿ: ಒಡೆಯ ಯಾರು, ಕಟ್ಟಿದ್ದು ಯಾವಾಗ, ಕೊನೆಯ ತಪಾಸಣೆ ಎಂದು, ಸೋರಿಕೆ ಕಂಡರೆ ಯಾವ ನಂಬರಿಗೆ ಫೋನ್ ಮಾಡಬೇಕು. ಪಾರ್ಕಿಂಗ್ ಹಣದಲ್ಲಿ ಒಂದು ಪಾಲು ಕಟ್ಟೆಯ ರಿಪೇರಿಗೇ ಮೀಸಲಿರಲಿ. ಯಾರೂ ನೋಡಿಕೊಳ್ಳಲಾಗದ ಕಟ್ಟೆಯಾದರೆ, ನೀರು ಇಳಿಸಿ ತೆಗೆದುಬಿಡುವುದೂ ಒಂದು ಮರ್ಯಾದೆಯ ದಾರಿಯೇ.

ಮುಚ್ಚಿಬಿಡಿ ಅನ್ನುವವನು ನಾನಲ್ಲ. ಊರಲ್ಲಿ ಕೋಡಿ ಬಿದ್ದರೆ ಬಾಗಿನ ಕೊಡಲು ಓಡುತ್ತಿದ್ದ ಮಂದಿ ನಾವು. ತುಂಬಿದ ನೀರು ಕಂಡರೆ ಮನಸ್ಸು ಅರಳುತ್ತದೆ. ಮುಂದಿನ ಮಳೆಗಾಲದಲ್ಲಿ ನಿಮ್ಮ ಕನ್ನಡ ಸಂಘದ ಟ್ರಿಪ್ ಯಾವುದಾದರೂ ಕಟ್ಟೆಗೆ ಹೊರಟರೆ ಆ ತಾರೀಖು ಕೇಳಿ ಒಂದು ಅರ್ಜಿ ಹಾಕಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತೇ ರೂಪಾಯಿ, ಒಂದು ಪ್ಲೇಟ್ ಭಜಿಗಿಂತ ಅಗ್ಗ. ಏನಂತೀರಿ?