ಹಿಂಡಿ ಕೊಳ್ಳುವ ಮುನ್ನ ಒಂದು ಮಾತು

ಸಂಘದ ಗೋದಾಮಿಗೆ ಕಡಲೆ ಹಿಂಡಿಯ ಲಾರಿ ಬಂತೆಂದರೆ ಸದಸ್ಯರು ಮೊದಲು ಕೇಳುವುದು, "ಈ ಸಲ ಮೂಟೆಗೆ ಎಷ್ಟು?" ಎಂದು. ಕೇಳುವುದು ನ್ಯಾಯವೇ. ಆದರೆ ಆ ಹಿಂಡಿ ಯಾವ ಬಗೆಯ ಒಕ್ಕಲುತನದಿಂದ ಬಂತೆಂದು ವಿಚಾರಿಸಿದರೆ ನಮ್ಮ ತೋಟದ ಲೆಕ್ಕವೂ ಕೊಂಚ ಸರಿಹೋದೀತೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಚಳ್ಳಕೆರೆ, ಪಾವಗಡದ ಕಡೆ ಕಡಲೆಕಾಯಿ ಬೆಳೆಯುವ ರೈತನಿಗೆ ಮಲೆನಾಡಿನ ಮಳೆಯಿಲ್ಲ. ಬಂದ ಬೆಳೆಯಲ್ಲಿ ಏನನ್ನೂ ಬಿಸಾಡುವ ಅನುಕೂಲ ಅವನಿಗಿಲ್ಲ. ಒಣಗಿದ 100 ಕಿಲೋ ಕಾಯಿ ಸುಲಿದರೆ ಸುಮಾರು 70 ಕಿಲೋ ಬೀಜ, 30 ಕಿಲೋ ಸಿಪ್ಪೆ. ಬೀಜವನ್ನು ಗಾಣಕ್ಕೆ ಹಾಕಿದರೆ ಹತ್ತಿರ ಹತ್ತಿರ 28ರಿಂದ 30 ಕಿಲೋ ಎಣ್ಣೆ; ಮಿಕ್ಕಿದ್ದೇ ಹಿಂಡಿ. ಕಾಯಿ ಬಿಡಿಸಿದ ಬಳ್ಳಿ ಬಣವೆಯಾಗಿ ಬೇಸಿಗೆಯಲ್ಲಿ ದನಗಳನ್ನು ಕಾಯುತ್ತದೆ. ಸಿಪ್ಪೆ ಕೋಳಿಮನೆಯ ನೆಲಕ್ಕೆ ಹಾಸಾಗುತ್ತದೆ, ಇಲ್ಲವೆ ಒಲೆಗೆ, ಇಟ್ಟಿಗೆ ಗೂಡಿಗೆ ಹೋಗುತ್ತದೆ. ಹೊಲದಲ್ಲಿ ಉಳಿದ ಬೇರು, ಉದುರಿದ ಎಲೆ ಮುಂದಿನ ಬೆಳೆಗೆ ಸಾರಜನಕ ಕೊಡುತ್ತವೆ.

ಇಲ್ಲಿ ಮುಖ್ಯವಾದದ್ದು ಕ್ರಮ. ಮನುಷ್ಯನ ಬಾಯಿಗೆ ಸಲ್ಲುವುದು ಮೊದಲು ಬಾಯಿಗೆ, ದನ ತಿನ್ನುವುದು ಕೊಟ್ಟಿಗೆಗೆ, ಅದೂ ಅಲ್ಲವಾದರೆ ಮಣ್ಣಿಗೆ, ಒಲೆ ಕಟ್ಟಕಡೆಗೆ. ನಮ್ಮಲ್ಲಿ ಕೆಲವರು ಕೊಂಡ ಹಿಂಡಿಯನ್ನು ನೇರವಾಗಿ ಅಡಿಕೆ ಮರದ ಬುಡಕ್ಕೆ ಸುರಿಯುತ್ತಾರೆ. ಅದರಲ್ಲಿ ಶೇಕಡಾ 7ರಷ್ಟು ಸಾರಜನಕವಿರುವುದು ನಿಜ. ಆದರೆ ಅದೇ ಹಿಂಡಿಯನ್ನು ಹಸುವಿಗೆ ಇಟ್ಟರೆ ಹಾಲೂ ಬಂದು, ಆ ಸಾರಜನಕದ ಬಹುಪಾಲು ಸಗಣಿ ಗಂಜಲದಲ್ಲಿ ತೋಟಕ್ಕೇ ಮರಳುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬೂಷ್ಟು ಹಿಡಿದ ಹಿಂಡಿ ಈ ಕ್ರಮಕ್ಕೆ ಹೊರಗು. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಕಡಲೆ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅಫ್ಲಾಟಾಕ್ಸಿನ್ ಎಂಬ ವಿಷ ಗೊತ್ತಾದದ್ದು ಆ ಮೇಲೆ. ಹಸು ತಿಂದರೆ ಅದರ ಅಂಶ ಹಾಲಿಗೂ ಇಳಿಯುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಹಿಂಡಿಯ ಮೂಟೆಯನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ. ಬೂಷ್ಟು ಕಂಡದ್ದನ್ನು ದನಕ್ಕೆ ಹಾಕಬೇಡಿ.

ಇನ್ನು ನಮ್ಮ ಕಣವನ್ನು ನೋಡೋಣ. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಅದು ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುತ್ತದೆ, ಇಲ್ಲವೆ ಅಲ್ಲೇ ಬೆಂಕಿ ಕಾಣುತ್ತದೆ. ಸುಟ್ಟರೆ ಬೂದಿಯಲ್ಲಿ ಪೊಟ್ಯಾಷ್ ಉಳಿದೀತು, ಸಾರಜನಕ ಹೊಗೆಯಾಗಿ ಹೋಯಿತು. ಹಾಳೆಯನ್ನು ಪುಡಿ ಮಾಡಿ ದನಕ್ಕೆ ಹಾಕಬಹುದೆಂದು ತಿಳಿದೂ ಪೇಟೆಯಿಂದ ಹುಲ್ಲು ತರಿಸುತ್ತೇವೆ. ಒಂದು ಕಿಲೋ ಕ್ಲೀನ್ ಕಾಫಿಗೆ ಐದಾರು ಕಿಲೋ ಹಣ್ಣು ಬೇಕು. ಪಲ್ಪರಿನಿಂದ ಹೊರಬಿದ್ದ ಸಿಪ್ಪೆ ಎಲ್ಲಿ ಹೋಗುತ್ತದೆಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಲಿ.

ಬೇರೆಯವರನ್ನು ದೂರುವ ಹಕ್ಕು ನಮಗಿಲ್ಲ. ನಾವೂ ಹಲವು ವರ್ಷ ಪಲ್ಪರಿನ ನೀರು, ಸಿಪ್ಪೆ ಎರಡನ್ನೂ ಹಳ್ಳಕ್ಕೆ ಬಿಟ್ಟವರೇ. ಒಂದು ಕೊಯ್ಲಿನಲ್ಲಿ ಕೆಳಗಿನ ಗದ್ದೆಯ ಒಕ್ಕಲಿನ ಹೆಂಗಸು ಕೊಡದಲ್ಲಿ ಆ ನೀರನ್ನು ತಂದು ನಮ್ಮ ಅಂಗಳದಲ್ಲಿಟ್ಟರು. "ಅಯ್ಯಾ, ದನಾನೂ ಮೂಸಿ ನೋಡಲ್ಲ" ಎಂದಷ್ಟೇ ಹೇಳಿ ಹೋದರು. ಮರುವರ್ಷ ಗುಂಡಿ ತೋಡಿಸಿ, ಸಿಪ್ಪೆಯನ್ನು ಸಗಣಿಯೊಂದಿಗೆ ಪದರ ಪದರವಾಗಿ ಹಾಕಿ ಗೊಬ್ಬರ ಮಾಡಿದೆವು. ನೀರಿಗೆ ಬೇರೆ ಗುಂಡಿ ಮಾಡಿ ಸುಣ್ಣ ಹಾಕಿದೆವು. ಗೊಬ್ಬರ ಬಂತು. ಆದರೆ ಆ ಕೊಡ ತರುವವರೆಗೆ ಗುಂಡಿ ತೋಡಲು ನಮಗೆ ಬಿಡುವಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

"ಆಳು ಸಿಗುವುದಿಲ್ಲ, ಎರಡೆಕರೆಯವ ಇದನ್ನೆಲ್ಲ ಹೇಗೆ ಮಾಡುವುದು?" ಎಂದು ಸದಸ್ಯರು ಕೇಳುತ್ತಾರೆ. ಮಾತು ಸುಳ್ಳಲ್ಲ. ಒಬ್ಬನಿಗೆ ಹೊರೆಯಾದದ್ದಕ್ಕೇ ಸಂಘವಿರುವುದು. ಹಾಳೆ, ಸಿಪ್ಪೆ ಪುಡಿ ಮಾಡುವ ಯಂತ್ರವೊಂದನ್ನು ಸಂಘ ಕೊಂಡು, ಸರದಿಯ ಮೇಲೆ ಬಾಡಿಗೆಗೆ ಕೊಡಬಹುದು. ಇನ್ನೊಂದು ವಿಷಯ: 50 ಕಿಲೋ ಚೆರಿ ಮೂಟೆಯಲ್ಲಿ ಕಾಫಿ ಬೀಜ ಸಿಗುವುದು ಸುಮಾರು 26ರಿಂದ 28 ಕಿಲೋ. ಉಳಿದ ಸಿಪ್ಪೆಯನ್ನು ಕ್ಯೂರಿಂಗ್‌ನಲ್ಲೇ ಬಿಟ್ಟು ಬರುತ್ತೇವೆ. ಚೆರಿ ಒಯ್ದ ಲಾರಿಯೇ ಖಾಲಿ ಮರಳುವಾಗ ಅದನ್ನು ತರುವಂತೆ ಸಂಘ ಒಟ್ಟಾಗಿ ಮಾತಾಡಿದರೆ ಆದೀತು. ಒಬ್ಬೊಬ್ಬರೇ ಕೇಳಿದರೆ ಆಗದು.

ಈ ಎರಡೂ ವಿಷಯಗಳನ್ನು ಮುಂದಿನ ಮಹಾಸಭೆಯ ಮುಂದಿಡಲಿದ್ದೇವೆ. ಬರುವ ಮುನ್ನ ಸದಸ್ಯ ಬಾಂಧವರು ತಮ್ಮ ಮನೆಯ ಸಿಪ್ಪೆಯ ರಾಶಿ ಎಷ್ಟು ಗಾಡಿಯಾದೀತೆಂದು ಅಂದಾಜು ಮಾಡಿ, ಕಳೆದ ವರ್ಷ ಗೊಬ್ಬರ, ಹಿಂಡಿಗೆ ಕೊಟ್ಟ ಹಣದ ರಸೀದಿಗಳನ್ನೂ ತರಬೇಕಾಗಿ ವಿನಂತಿ. ಎರಡನ್ನೂ ಪಕ್ಕದಲ್ಲಿಟ್ಟು ಮಾತಾಡೋಣ.