ಮನೆಯವರ ಸಹಿಯೊಂದೇ ಸಾಲದು



ಮಾನಸಿಕ ಕಾಯಿಲೆಯವರನ್ನು, ಕುಡಿತದ ಚಟಕ್ಕೆ ಸಿಕ್ಕವರನ್ನು, ಮರೆವಿನ ರೋಗದ ಹಿರಿಯರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಇರಿಸಿಕೊಳ್ಳುವುದು ಈಗ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರವಲ್ಲ. ಬಡಾವಣೆಗಳ ನಡುವಿನ ಪುನರ್ವಸತಿ ಕೇಂದ್ರ, ವ್ಯಸನಮುಕ್ತಿ ಕೇಂದ್ರ, ಹಾಫ್‌ವೇ ಹೋಮ್ ಮತ್ತು ವೃದ್ಧಾಶ್ರಮಗಳಲ್ಲೂ ಗೇಟಿಗೆ ಬೀಗ ಬೀಳಬಹುದು, ಮೊಬೈಲನ್ನು ಕಚೇರಿಯಲ್ಲಿ ತೆಗೆದಿರಿಸಬಹುದು. ಮನೆಗೆ ಯಾವಾಗ ಕಳಿಸುತ್ತೀರಿ ಎಂದು ಒಳಗಿದ್ದವರು ಕೇಳಿದರೆ ‘ನಿಮ್ಮ ಮನೆಯವರೇ ಸಹಿ ಹಾಕಿದ್ದಾರೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ವಯಸ್ಕ ನಾಗರಿಕರೊಬ್ಬರ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳಲು ಇಷ್ಟು ಸಾಲದು. ಮನೆಯವರಿಗೂ ಸಂಸ್ಥೆಗೂ ಸೇರದ, ಒಳಗಿರುವವರ ಪರವಾಗಿ ಮಾತಾಡುವ ಸ್ವತಂತ್ರ ಪ್ರತಿನಿಧಿಯೊಬ್ಬರು ಇರಲೇಬೇಕು.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಈ ವಿಷಯದಲ್ಲಿ ವಿಶಾಲ ದೃಷ್ಟಿಯದು. ಮಾನಸಿಕ ಕಾಯಿಲೆಯವರನ್ನು ಆರೈಕೆ, ಚಿಕಿತ್ಸೆ, ಚೇತರಿಕೆ ಅಥವಾ ಪುನರ್ವಸತಿಗೆಂದು ಇರಿಸಿಕೊಳ್ಳುವ ಯಾವುದೇ ಸ್ಥಳವೂ ಅದರ ಪ್ರಕಾರ ಮಾನಸಿಕ ಆರೋಗ್ಯ ಸಂಸ್ಥೆಯೇ. ಬಂಧುಮಿತ್ರರ ಜೊತೆ ವಾಸಿಸುವ ಮನೆಗೆ ಮಾತ್ರ ವಿನಾಯಿತಿ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳು, ನೆನಪಿನ ಶಕ್ತಿಯನ್ನೂ ಪರಿಸರದ ಅರಿವನ್ನೂ ತೀವ್ರವಾಗಿ ಕೆಡಿಸುವ ಕಾಯಿಲೆಗಳು ಕಾಯ್ದೆಯ ವ್ಯಾಖ್ಯೆಯೊಳಗೇ ಬರುತ್ತವೆ. ಆದ್ದರಿಂದ ‘ನಮ್ಮದು ಆಸ್ಪತ್ರೆಯಲ್ಲ, ಆಶ್ರಮ’ ಎಂದು ಹೇಳಿ ಯಾರೂ ನುಣುಚಿಕೊಳ್ಳುವಂತಿಲ್ಲ.

ಸ್ವಂತ ಒಪ್ಪಿಗೆಯಿಲ್ಲದೆ ದಾಖಲಿಸಿಕೊಳ್ಳಲು ಕಾಯ್ದೆಯ 89ನೇ ಕಲಮು ಕಟ್ಟುನಿಟ್ಟಿನ ಷರತ್ತುಗಳನ್ನು ಇಟ್ಟಿದೆ. ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ತನಗೆ ಅಥವಾ ಇತರರಿಗೆ ಅಪಾಯ ತಂದೊಡ್ಡುವಷ್ಟು, ಇಲ್ಲವೇ ತನ್ನ ಆರೈಕೆಯನ್ನು ತಾನೇ ಮಾಡಿಕೊಳ್ಳಲಾಗದಷ್ಟು ಕಾಯಿಲೆ ತೀವ್ರವಾಗಿರಬೇಕು. ಇಂಥ ದಾಖಲಾತಿಯ ಅವಧಿ ಗರಿಷ್ಠ 30 ದಿನ. ಮಹಿಳೆಯರು ಮತ್ತು ಅಪ್ರಾಪ್ತ ವಯಸ್ಕರ ದಾಖಲಾತಿಯನ್ನು 3 ದಿನಗಳೊಳಗೆ, ಉಳಿದವರದನ್ನು 7 ದಿನಗಳೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಮಾಡಬೇಕು. 30 ದಿನ ಮೀರಿದರೆ ಇಬ್ಬರು ಮನೋವೈದ್ಯರ ಅಭಿಪ್ರಾಯವೂ ಮಂಡಳಿಯ ಅನುಮತಿಯೂ ಬೇಕು. ಮಂಡಳಿಯ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರ ದರ್ಜೆಯವರು.

ಲೋಪ ಇರುವುದು ಪ್ರತಿನಿಧಿಯ ವಿಷಯದಲ್ಲಿ. ಪ್ರತಿಯೊಬ್ಬರಿಗೂ ಒಬ್ಬ ನಾಮನಿರ್ದೇಶಿತ ಪ್ರತಿನಿಧಿ ಇರಬೇಕೆಂದು 14ನೇ ಕಲಮು ಹೇಳುತ್ತದೆ. ಬಿಳಿ ಹಾಳೆಯ ಮೇಲೆ ಬರೆದು, ಸಹಿ ಅಥವಾ ಹೆಬ್ಬೆಟ್ಟು ಒತ್ತಿ, ತಮಗೆ ಬೇಕಾದವರನ್ನು ಹೆಸರಿಸಬಹುದು. ಹೀಗೆ ಮೊದಲೇ ಬರೆದಿಡದಿದ್ದರೆ ಆ ಸ್ಥಾನ ಬಂಧುಗಳಿಗೆ, ಅವರಿಲ್ಲದಿದ್ದರೆ ಆರೈಕೆ ಮಾಡುವವರಿಗೆ ಹೋಗುತ್ತದೆ. ಅವರೂ ಇಲ್ಲದಾಗ ಮಾತ್ರ ಮಂಡಳಿ ಬೇರೊಬ್ಬರನ್ನು ನೇಮಿಸುತ್ತದೆ. ಆದರೆ ಒಪ್ಪಿಗೆಯಿಲ್ಲದ ದಾಖಲಾತಿಗೆ ಅರ್ಜಿ ಹಾಕುವವರೂ ಇದೇ ಪ್ರತಿನಿಧಿ. ಒಳಗೆ ಸೇರಿಸಿ ಎಂದು ಕೇಳಿದ ಅಣ್ಣನೇ ತಮ್ಮನ ಪರವಾಗಿ ಬಿಡುಗಡೆಯನ್ನೂ ಕೇಳಬೇಕು. ಆಸ್ತಿಯ ತಕರಾರೋ ದಾಂಪತ್ಯದ ಬಿರುಕೋ ಇರುವ ಮನೆಗಳಲ್ಲಿ ಇದರ ಫಲ ಏನೆಂದು ಊಹಿಸುವುದು ಕಷ್ಟವಲ್ಲ. ಜಗಳವೇ ಇಲ್ಲದ ಮನೆಯಲ್ಲೂ ವರ್ಷಗಟ್ಟಲೆ ನೋಡಿಕೊಂಡು ದಣಿದವರಿಗೆ ಒಳಗಿರುವವರ ಬೇಡಿಕೆಯನ್ನು ಅವರ ಕಣ್ಣಿನಿಂದ ನೋಡುವುದು ಸುಲಭವಲ್ಲ.

ಉಳಿದ ಹಕ್ಕುಗಳೂ ಇವೆ. ದಾಖಲಾತಿಯನ್ನು ಪ್ರಶ್ನಿಸಿ ಒಳಗಿರುವವರೇ ಮಂಡಳಿಗೆ ಅರ್ಜಿ ಕೊಡಬಹುದು. ಅವರ ಒಪ್ಪಿಗೆ ಪಡೆದು ನೋಂದಾಯಿತ ಸ್ವಯಂಸೇವಾ ಸಂಸ್ಥೆಯೂ ಕೊಡಬಹುದು. 26ನೇ ಕಲಮು ಭೇಟಿ ಮತ್ತು ಫೋನಿನ ಹಕ್ಕನ್ನು, 27ನೇ ಕಲಮು ಉಚಿತ ಕಾನೂನು ನೆರವಿನ ಹಕ್ಕನ್ನು ಕೊಟ್ಟಿವೆ. ಕುಟುಂಬ ಒಪ್ಪುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಸಂಸ್ಥೆಯಲ್ಲಿ ಉಳಿಯುವಂತಾಗಬಾರದು ಎನ್ನುತ್ತದೆ 19ನೇ ಕಲಮು. ಆದರೆ ಹಕ್ಕು ಇದೆಯೆಂದು ತಿಳಿದವರು, ಅರ್ಜಿ ಬರೆಯಬಲ್ಲವರು, ಅದನ್ನು ಹೊರಗೆ ಮುಟ್ಟಿಸಬಲ್ಲವರು ಮಾತ್ರ ಇವನ್ನು ಬಳಸಿಕೊಳ್ಳಲು ಸಾಧ್ಯ. ಔಷಧದ ಮಂಪರಿನಲ್ಲಿರುವವರು, ಮಾತು ಕಳೆದುಕೊಂಡವರು, ಭಯದಿಂದ ಸುಮ್ಮನಿರುವವರ ಪಾಲಿಗೆ ಇವು ಕಾಗದದ ಮೇಲೆಯೇ ಉಳಿಯುತ್ತವೆ.

ಇಂಗ್ಲೆಂಡಿನ ಅನುಭವ ಇಲ್ಲಿ ಪಾಠವಾಗಬೇಕು. 1997ರಲ್ಲಿ ಆಟಿಸಂ ಇದ್ದ, ಮಾತು ಬಾರದ ವ್ಯಕ್ತಿಯೊಬ್ಬರನ್ನು ಬೋರ್ನ್‌ವುಡ್ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಲಾಯಿತು. ಅವರು ಪ್ರತಿಭಟಿಸಲಿಲ್ಲವೆಂದು ಕಾನೂನಿನ ಯಾವ ವಿಧಿಯನ್ನೂ ಅನುಸರಿಸಲಿಲ್ಲ. ಅವರನ್ನು ನೋಡಿಕೊಳ್ಳುತ್ತಿದ್ದ ದಂಪತಿಗೆ ಭೇಟಿಯನ್ನೂ ನಿರಾಕರಿಸಲಾಯಿತು. ಆ ದಂಪತಿ ಪಟ್ಟು ಹಿಡಿದದ್ದರಿಂದ ಪ್ರಕರಣ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. ಇದು ಸ್ವಾತಂತ್ರ್ಯಹರಣವೇ ಎಂದು 2004ರಲ್ಲಿ ತೀರ್ಪು ಬಂತು. ಬಳಿಕ 2009ರಿಂದ ಆಸ್ಪತ್ರೆ ಮತ್ತು ಆರೈಕೆ ಕೇಂದ್ರಗಳಲ್ಲಿ ಹೀಗೆ ಇರಿಸಲಾದ ಪ್ರತಿಯೊಬ್ಬರಿಗೂ ಪ್ರತಿನಿಧಿಯನ್ನು ನೇಮಿಸುವ ವ್ಯವಸ್ಥೆ ಬಂತು. ತಕ್ಕ ಬಂಧುಗಳಿಲ್ಲದಿದ್ದರೆ ಸಂಬಳ ಕೊಟ್ಟು ನೇಮಿಸಬಹುದು. ಜೊತೆಗೆ ತರಬೇತಿ ಪಡೆದ ಸ್ವತಂತ್ರ ಪ್ರತಿಪಾದಕರ ನೆರವೂ ಸಿಗುತ್ತದೆ. ಸದಾ ನಿಗಾದಲ್ಲಿದ್ದು, ಬಿಟ್ಟುಹೋಗಲು ಬಿಡದಿದ್ದರೆ ಅದು ಸ್ವಾತಂತ್ರ್ಯಹರಣವೇ, ವ್ಯಕ್ತಿ ಅಲ್ಲಿ ನೆಮ್ಮದಿಯಾಗಿದ್ದರೂ ಸರಿ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2014ರ ಚೆಷೈರ್ ವೆಸ್ಟ್ ಪ್ರಕರಣದಲ್ಲಿ ಹೇಳಿತು. ಅಲ್ಲೂ ಕೊರತೆ ಇದೆ. ನೆರವಿನೊಡನೆ ಬಾಡಿಗೆ ಮನೆಗಳಲ್ಲಿ ವಾಸಿಸುವವರಿಗೆ 2009ರ ವ್ಯವಸ್ಥೆ ಅನ್ವಯಿಸುವುದಿಲ್ಲ, ಅವರ ವಿಷಯ ನ್ಯಾಯಾಲಯಕ್ಕೇ ಹೋಗಬೇಕು. ಇದನ್ನು ಸರಿಪಡಿಸಬೇಕಿದ್ದ 2019ರ ತಿದ್ದುಪಡಿಯ ಜಾರಿಯನ್ನು 2023ರಲ್ಲಿ ಮುಂದೂಡಲಾಯಿತು. ರಕ್ಷಣೆಯನ್ನು ಕಟ್ಟಡದ ಹೆಸರು ನೋಡಿ ಕೊಟ್ಟರೆ ಕೆಲವರು ಅದರಿಂದ ಹೊರಗುಳಿಯುತ್ತಾರೆ.

ಕರ್ನಾಟಕದಲ್ಲಿ ಇಂಥ ಸ್ವತಂತ್ರ ಪ್ರತಿನಿಧಿಗಳನ್ನು ಒದಗಿಸಲು ಹೊಸ ಇಲಾಖೆ ಬೇಕಿಲ್ಲ. ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಅದರಡಿ ಅರೆ ಕಾನೂನು ಸ್ವಯಂಸೇವಕರಿದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರು, ಅಂಗವಿಕಲರು ಮತ್ತು ಮನೋರೋಗ ಆಸ್ಪತ್ರೆಯಲ್ಲಿ ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಒಪ್ಪಿಗೆಯಿಲ್ಲದ ದಾಖಲಾತಿಯ ವರದಿ ಮಂಡಳಿಗೆ ಹೋದಾಗಲೇ ಅದರ ಪ್ರತಿ ಪ್ರಾಧಿಕಾರಕ್ಕೂ ಹೋಗಬೇಕು. ತರಬೇತಿ ಪಡೆದ ಸ್ವಯಂಸೇವಕರೊಬ್ಬರು ವಾರದೊಳಗೆ ಹೋಗಿ, ಸಿಬ್ಬಂದಿ ಮತ್ತು ಬಂಧುಗಳು ಇಲ್ಲದಾಗ ಒಳಗಿರುವವರ ಜೊತೆ ಮಾತಾಡಿ, ಅವರ ಇಚ್ಛೆಯನ್ನು ಮಂಡಳಿಗೆ ಬರೆದು ತಿಳಿಸಬೇಕು. ಒಳಗಿರುವವರು ಕೇಳುವವರೆಗೆ ಕಾಯಬಾರದು. ಉಚಿತ ಕಾನೂನು ನೆರವಿನ ಸಹಾಯವಾಣಿ 15100 ಎಂಬುದು ಪ್ರತಿ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು.

ಇದರಿಂದ ಚಿಕಿತ್ಸೆಗೆ ಅಡ್ಡಿಯಾಗುತ್ತದೆ, ಕುಟುಂಬವನ್ನು ಅನುಮಾನಿಸಿದಂತಾಗುತ್ತದೆ ಎಂಬ ಆಕ್ಷೇಪ ಸರಿಯಲ್ಲ. ಬಿಡುಗಡೆ ಮಾಡುವ ಅಧಿಕಾರ ಮಂಡಳಿಗೇ ಇರುತ್ತದೆ. ಸ್ವತಂತ್ರ ಪ್ರತಿನಿಧಿಯ ಕೆಲಸ ಒಳಗಿರುವವರ ಮಾತು ಅಲ್ಲಿಗೆ ತಲುಪುವಂತೆ ನೋಡಿಕೊಳ್ಳುವುದು ಮಾತ್ರ. ಪ್ರಾಮಾಣಿಕವಾಗಿ ದಾಖಲಿಸಿದ ಮನೆಯವರಿಗೆ ಇದರಿಂದ ನಷ್ಟವಿಲ್ಲ, ನಡೆದದ್ದು ಸರಿಯೆಂದು ಮೂರನೆಯವರೊಬ್ಬರು ನೋಡಿ ಹೇಳಿದಂತಾಗುತ್ತದೆ. ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರವೂ ಕಾನೂನು ಸೇವೆಗಳ ಪ್ರಾಧಿಕಾರವೂ ಕೂಡಿ ಈ ಕ್ರಮವನ್ನು ಆದೇಶದ ರೂಪದಲ್ಲಿ ಜಾರಿಗೆ ತರಬೇಕು, ವೃದ್ಧಾಶ್ರಮ ಮತ್ತು ವ್ಯಸನಮುಕ್ತಿ ಕೇಂದ್ರಗಳನ್ನೂ ಅದರ ವ್ಯಾಪ್ತಿಗೆ ಸೇರಿಸಬೇಕು.

— ಓದುಗರೊಬ್ಬರು, ಮೈಸೂರು