ತುಕ್ಕು ಹೀರಿದ ವಿಷ



ನೀರು ತಿಳಿಯಾಗಿದ್ದರೆ ಶುದ್ಧವೆಂದೇ ನಾವು ನಂಬುತ್ತೇವೆ. ಈ ನಂಬಿಕೆಯೇ ಬಾಂಗ್ಲಾದೇಶಕ್ಕೆ ಮುಳುವಾಯಿತು. ಕೆರೆಕುಂಟೆಗಳ ನೀರಿನಿಂದ ಹರಡುತ್ತಿದ್ದ ಕಾಲರಾ, ಭೇದಿಗಳಿಂದ ಜನರನ್ನು ಕಾಪಾಡಲೆಂದು 1970ರ ದಶಕದಿಂದ ಅಲ್ಲಿ ಲಕ್ಷಾಂತರ ಕೊಳವೆ ಬಾವಿಗಳನ್ನು ಕೊರೆಯಲಾಯಿತು. ಬಣ್ಣವೂ ರುಚಿಯೂ ಇಲ್ಲದ ಆರ್ಸೆನಿಕ್ ಎಂಬ ಪಾಷಾಣವು ಆ ನೀರಿನಲ್ಲಿ ಬೆರೆತಿರುವುದು 1993ರಲ್ಲಿ ಪತ್ತೆಯಾಯಿತು. ಇಂತಹ ನೀರನ್ನು ವರ್ಷಗಟ್ಟಲೆ ಕುಡಿದವರ ಅಂಗೈ, ಅಂಗಾಲುಗಳು ಗಂಟುಗಟ್ಟುತ್ತವೆ. ಕ್ಯಾನ್ಸರ್ ಸಹ ಬರಬಲ್ಲದು.

ಆ ದೇಶದ ಕುಷ್ಟಿಯಾದವರಾದ ರಸಾಯನ ವಿಜ್ಞಾನಿ ಅಬುಲ್ ಹುಸ್ಸಾಮ್ ಇದರ ಪರಿಹಾರವನ್ನು ಬಡವರ ಕೈಗೆಟುಕುವ ವಸ್ತುಗಳಲ್ಲಿಯೇ ಅರಸಿದರು. ಎರಡು ಬಕೆಟ್ಟುಗಳು, ಅವುಗಳಲ್ಲಿ ಮರಳು, ಇದ್ದಿಲು, ಇಟ್ಟಿಗೆಯ ಚೂರು ಮತ್ತು ಹದಗೊಳಿಸಿದ ಕಬ್ಬಿಣದ ತುರಿ. ಕಬ್ಬಿಣವು ತುಕ್ಕಾಗುತ್ತ ಹೋದಂತೆ ವಿಷವು ಅದಕ್ಕೆ ಅಂಟಿಕೊಂಡು ಮೇಲೆಯೇ ಉಳಿಯುತ್ತದೆ. ಕೆಳಗೆ ಕುಡಿಯಲು ಯೋಗ್ಯವಾದ ನೀರು ಇಳಿಯುತ್ತದೆ. 2007ರಲ್ಲಿ ಅಮೆರಿಕದ ಗ್ರೇಂಜರ್ ಪ್ರಶಸ್ತಿಯಿಂದ ದೊರೆತ 10 ಲಕ್ಷ ಡಾಲರುಗಳಲ್ಲಿ ಹೆಚ್ಚಿನ ಪಾಲನ್ನು ಅವರು ಇಂತಹ ಶೋಧಕಗಳನ್ನು ಹಂಚುವುದಕ್ಕೇ ಮೀಸಲಿಟ್ಟರು.

ಇದು ಪರದೇಶದ ಕಥೆ ಮಾತ್ರವಲ್ಲ. ನಮ್ಮ ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಕೊಳವೆ ಬಾವಿಗಳಲ್ಲಿಯೂ ಆರ್ಸೆನಿಕ್ ಕಂಡುಬಂದಿದೆ. ಕುದಿಸಿದರೆ ಈ ವಿಷವು ಹೋಗದು. ತುಕ್ಕುಹಿಡಿದ ಮೊಳೆಗಳನ್ನು ಕೊಡಕ್ಕೆ ಹಾಕಿ ನಿಶ್ಚಿಂತರಾಗುವುದೂ ಸಲ್ಲದು. ಮೊದಲು ನಿಮ್ಮ ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿರಿ. ಶೋಧಕವನ್ನು ಇಟ್ಟ ಮೇಲೂ ಆಗಾಗ ಮಾಡಿಸಿರಿ. ಕಸವೆಂದು ಎಸೆದ ವಸ್ತುವಿನಲ್ಲಿಯೂ ಕಾಯುವ ಗುಣವುಂಟು. ಆದರೆ ಅರಿತು ಬಳಸಿದವರನ್ನು ಮಾತ್ರ ಅದು ಕಾಯುತ್ತದೆ.